ಗೀಜಗಗಳು ಒಂದೇ ಮರದಲ್ಲಿ ಗೂಡು ಕಟ್ಟುವುದೇಕೆ?

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲವದು. ಹೊಳೆಗಳು ತಮ್ಮ ದಾರಿ ಯಾವುದೆಂದು ಹುಡುಕುತ್ತಾ ಹರಿಯುತ್ತಿದ್ದವು. ಆಗ ಗೀಜಗ ಹಕ್ಕಿಗಳು ಈಗಿನ ಹಾಗೆ ಗುಂಪಾಗಿ ಇರುತ್ತಿರಲಿಲ್ಲ, ಮಗೂ. ಮರಕ್ಕೊಂದು ಜೋಡಿ, ದೂರ ದೂರ.

ಗಟ್ಟಿ ಗೂಡು ಕಟ್ಟಲು ಬರುತ್ತಿದ್ದುದು ಹೊನ್ನಜ್ಜನೆಂಬ ಮುದಿ ಗೀಜಗನಿಗೆ ಮಾತ್ರ. ಅವನು ದಟ್ಟ ಪೊದೆಯೊಳಗೆ ಒಬ್ಬನೇ ಕೂತು ನೇಯುತ್ತಿದ್ದ. ಯಾರಾದರೂ ನೋಡಿದರೆ ಅವನ ಕೊಕ್ಕು ತಡವರಿಸುತ್ತಿತ್ತು.

ಹೊಳೆಯಾಚೆ ಕೆಂಚನೆಂಬ ಗೀಜಗನೂ ಅವನ ಹೆಂಡತಿ ಸೋಬಿಯೂ ಇದ್ದರು. ಒಂದು ದಿನ ಜೋರು ಗಾಳಿ ಬೀಸಿ ಕೆಂಚ ಕಟ್ಟಿದ ಗೂಡು ಬಿಚ್ಚಿಕೊಂಡಿತು. ಒಳಗಿದ್ದ ಮೊಟ್ಟೆಗಳೆಲ್ಲ ಹೊಳೆಗೆ ಬಿದ್ದವು.

ಸೋಬಿ ಮೊಟ್ಟೆಗಳನ್ನು ಹುಡುಕುತ್ತಾ ನೀರಿನ ಮೇಲೆ ಸುತ್ತು ಹಾರಿದಳು. ಆಮೇಲೆ, "ಮಳೆಗಾಲ ಮುಗಿಯೋದರೊಳಗೆ ಇನ್ನೊಂದು ಸಲ ಮೊಟ್ಟೆ ಇಡ್ತೀನಿ. ಆದರೆ ಇಂಥ ಗೂಡಲ್ಲಿ ಇಡಲ್ಲ" ಅಂದಳು.

ಕೆಂಚ ಪೊದೆಯ ಬಳಿಗೆ ಹಾರಿದ.

"ಅಜ್ಜಾ, ಗೂಡು ಹೇಗೆ ಕಟ್ಟೋದು?"

"ಹುಲ್ಲು ಸೀಳು. ಮೇಲೆ ಹಾಕು, ಕೆಳಗೆ ತೆಗೆ, ಎಳೆದು ಬಿಗಿ. ಅಷ್ಟೇ ಕಣೋ!" ಪೊದೆಯೊಳಗಿಂದ ದನಿ ಬಂತು.

ಮೇಲೆ ಹಾಕು, ಕೆಳಗೆ ತೆಗೆ, ಎಳೆದು ಬಿಗಿ ಎಂದು ಬಾಯಿಪಾಠ ಮಾಡುತ್ತಲೇ ಕೆಂಚ ಕಟ್ಟಿದ. ಗೂಡು ಬಿಚ್ಚಿಕೊಂಡಿತು. ಅದನ್ನು ಬಿಸಾಡಿ ಹೊಸದು ಕಟ್ಟಿದ. ಅದೂ ಬಿಚ್ಚಿಕೊಂಡಿತು.

"ಗಾಳಿಯಣ್ಣಾ, ಅಜ್ಜ ಹೇಳಿದ ಹಾಗೇ ಮಾಡಿದೆ. ಆದರೂ ಯಾಕೆ ಹೀಗೆ?"

ಗಾಳಿ ನಕ್ಕಿತು. "ನಾನು ಆ ಪೊದೆಯೊಳಗೂ ಹೋಗಿ ಬರ್ತೀನಪ್ಪ. ಅಜ್ಜ ಹೇಳೋದು ಒಂದಿಷ್ಟು, ಮಾಡೋದು ಇನ್ನಷ್ಟು. ತನ್ನ ಕಾಲು ಏನು ಮಾಡುತ್ತೆ ಅಂತ ಅವನಿಗೇ ಗೊತ್ತಿಲ್ಲ!"

"ಕಾಲಾ? ಗೂಡಿಗೂ ಕಾಲಿಗೂ ಏನು ಸಂಬಂಧ?"

ಕೆಂಚನಿಗೆ ತಡೆಯಲಾಗಲಿಲ್ಲ. ಸೋಬಿಯನ್ನು ಕರೆದುಕೊಂಡು ಮತ್ತೆ ಪೊದೆಗೆ ಬಂದ. "ಅಜ್ಜಾ, ಈ ಸಲ ಹೇಳಬೇಡ. ತೋರಿಸು."

ಒಳಗಿಂದ ಮೆಲ್ಲಗೆ, "ನೀವು ನೋಡ್ತಾ ಇದ್ದರೆ ನನಗೆ ತಪ್ಪುತ್ತೆ ಕಣಪ್ಪಾ" ಎಂಬ ಮಾತು ಕೇಳಿಸಿತು.

"ತಪ್ಪಿದರೆ ತಪ್ಪಲಿ ಅಜ್ಜಾ, ನಮ್ಮ ಮೊಟ್ಟೆ ನೀರುಪಾಲಾಯ್ತು" ಅಂದಳು ಸೋಬಿ.

ಹೊನ್ನಜ್ಜ ಹೊರಗೆ ಬಂದ. ಹೊಳೆಯ ಮೇಲೆ ಬಾಗಿದ ಜಾಲಿಯ ಕೊಂಬೆಯಲ್ಲಿ ಕೂತು ನೇಯತೊಡಗಿದ. ಅವನ ಕಾಲು ಹುಲ್ಲಿನ ತುದಿಯನ್ನು ಕೊಂಬೆಗೆ ಒತ್ತಿ ಹಿಡಿದಿತ್ತು, ಕೊಕ್ಕು ಇನ್ನೊಂದು ತುದಿಯನ್ನು ಕುಣಿಕೆಯೊಳಗೆ ತೂರಿಸುತ್ತಿತ್ತು. ಕೆಂಚ ಕಣ್ಣು ಮಿಟುಕಿಸದೆ ನೋಡಿದ.

ಅಷ್ಟರಲ್ಲಿ ಎಳೆ ಜಾರಿತು. ಅಜ್ಜ ನಾಚಿಕೊಂಡ. ಆದರೂ ಆ ಒಂದು ಗಂಟನ್ನಷ್ಟೇ ಬಿಚ್ಚಿ, ಮತ್ತೆ ತೂರಿಸಿ ಬಿಗಿದ.

"ಓ! ತಪ್ಪಿದ್ದಷ್ಟನ್ನೇ ಬಿಚ್ಚಿದರೆ ಸಾಕಾ?" ಕೆಂಚ ಕೂಗಿದ. "ನಾನು ಇಡೀ ಗೂಡನ್ನೇ ಬಿಸಾಡ್ತಿದ್ದೆನಲ್ಲ!"

ಪಕ್ಕದ ರೆಂಬೆಯಲ್ಲೇ ಅವನು ಶುರುಮಾಡಿದ. ಅಜ್ಜನ ಕಾಲು ನೋಡುವುದು, ತನ್ನ ಕಾಲು ನೋಡುವುದು, ನೇಯುವುದು. ಸುದ್ದಿ ಕೇಳಿ ಬೇರೆ ಗೀಜಗಗಳೂ ಬಂದವು. ಕೆಲವು ಅಜ್ಜನನ್ನು ನೋಡಿದವು, ಕೆಲವು ಕೆಂಚನನ್ನು ನೋಡಿದವು. ಸೋಬಿ ಕೆಂಚನ ಗೂಡನ್ನು ಎಳೆದೆಳೆದು ಪರೀಕ್ಷಿಸಿ, "ಇಲ್ಲಿ ಸಡಿಲ" ಎಂದಳು. ಕೆಂಚ ಅಲ್ಲಿ ಬಿಗಿದ.

ಸಂಜೆ ಗಾಳಿ ಬಂದು ಬಲವಾಗಿ ಅಲುಗಾಡಿಸಿತು. ಗೂಡು ತೂಗಿತೇ ಹೊರತು ಬೀಳಲಿಲ್ಲ. ಸೋಬಿ ಒಳಗೆ ಹೋಗಿ ಮೊಟ್ಟೆಯಿಟ್ಟಳು. ಮಳೆಗಾಲ ಮುಗಿಯುವ ಮೊದಲೇ ಒಳಗಿಂದ ಮರಿಗಳ ಚಿಲಿಪಿಲಿ ಕೇಳಿಸಿತು.

ಅಂದಿನಿಂದ ಗೀಜಗಗಳು ಒಬ್ಬರನ್ನೊಬ್ಬರು ನೋಡಲೆಂದು ಒಂದೇ ಮರದಲ್ಲಿ ಗೂಡು ಕಟ್ಟುತ್ತವೆ. ಕೆರೆಯಂಚಿನ ಮರದಲ್ಲಿ ಪೂರ್ತಿಯಾದ ಗೂಡುಗಳ ಪಕ್ಕ ಅರೆಬರೆ ಗೂಡುಗಳೂ ತೂಗುತ್ತವಲ್ಲ ಮಗೂ, ಅವು ಎಳೆಯ ಗೀಜಗಗಳು ದೊಡ್ಡವರನ್ನು ನೋಡಿ ಕಲಿಯುತ್ತಾ ಕಟ್ಟಿದ ಗೂಡುಗಳು.