ಹಾವಸೆಗೆ ಇಟ್ಟ ಹೆಸರು

"ಗುರುಗಳೇ, ಒಬ್ಬರ ಹಂಗಿನಲ್ಲಿ ಬದುಕುವವನು ತಲೆಯೆತ್ತಿ ನಡೆದರೆ ಅದು ಅಹಂಕಾರವಲ್ಲವೇ?" ಎಂದು ಶಿಷ್ಯ ಕೊಟ್ರಯ್ಯ ಕೇಳಿದ. ನೆರೆಯಲ್ಲಿ ಮನೆ ಕಳೆದುಕೊಂಡು ಮಠದಲ್ಲಿ ಉಳಿದಿದ್ದ ನೇಕಾರನೊಬ್ಬ, ಇವನು ಕೊಟ್ಟ ಹಳೆಯ ಪಂಚೆಯನ್ನು ಬೇಡವೆಂದು ಹಿಂದಿರುಗಿಸಿದ್ದ. ಅದು ಇವನಿಗೆ ಚುಚ್ಚಿತ್ತು.

"ಹೊಟ್ಟೆ ತುಂಬಿದವರಿಗೇ ಇಂಥ ಪ್ರಶ್ನೆ ಹುಟ್ಟುವುದು, ನೋಡು. ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಲಸೀರ ಎಂಬ ಊರಿನಲ್ಲಿ ಒಬ್ಬ ಸಸ್ಯಶಾಸ್ತ್ರಿ ಇದ್ದ. ಅವನು ಓದಿದ್ದು ಮರವನ್ನಲ್ಲ, ಹೂವನ್ನಲ್ಲ, ಹಾವಸೆಯನ್ನು. ಬಾವಿಕಟ್ಟೆಯ ಮೇಲೆ ಹಸಿರಾಗಿ ಹಬ್ಬುತ್ತದಲ್ಲ, ಅದೇ. ಅದಕ್ಕೆ ಹೂವಿಲ್ಲ, ಬೀಜವಿಲ್ಲ, ಬೇರು ಎನ್ನುವಂಥ ಬೇರೂ ಇಲ್ಲ. ಆದರೆ ಮರಗಳು ಹುಟ್ಟುವ ಮೊದಲೇ ಭೂಮಿಗೆ ಬಂದ ಕುಲ ಅದು. "ಜಾರಿ ಬೀಳುವುದಕ್ಕಲ್ಲದೆ ಅದು ಯಾವ ಕೆಲಸಕ್ಕೆ ಬಂತು?" ಎಂದು ಊರವರು ನಗುತ್ತಿದ್ದರು. ಅವನೂ ನಕ್ಕು, ಭೂತಗನ್ನಡಿ ಹಿಡಿದು ಮತ್ತೆ ಕಲ್ಲಿಗೆ ಮುಖ ಹಚ್ಚುತ್ತಿದ್ದ.

ಊರ ಬಾವಿಯ ಕಲ್ಲಿನ ಮೇಲೆ ಅವನಿಗೆ ಯಾರೂ ಗುರುತಿಸದ ಒಂದು ಹಾವಸೆ ಕಂಡಿತು. ಅಷ್ಟರಲ್ಲಿ ನೆರೆರಾಜ್ಯದ ದಂಡು ಬಂತು. ಊರನ್ನು ಸುಟ್ಟಿತು, ಜನರನ್ನು ಓಡಿಸಿತು. ಆ ಊರಿಗೆ ಸೇನಾಪತಿಯ ಹೆಸರಿಟ್ಟು, ಹಳೆಯ ಹೆಸರನ್ನು ಯಾರೂ ಎತ್ತಬಾರದೆಂದು ಡಂಗುರ ಹೊಡೆಸಿತು. ಓಡುವಾಗ ಜನ ಚಿನ್ನ ಹೊತ್ತರು. ಇವನು ಕಾಗದದ ಪೊಟ್ಟಣದಲ್ಲಿ ಒಣಗಿದ ಹಾವಸೆ ಹೊತ್ತ. "ಒಂದು ಕಂಬಳಿಯನ್ನಾದರೂ ತರಬಾರದಿತ್ತೇ?" ಎಂದು ಹೆಂಡತಿ ದಾರಿಯುದ್ದಕ್ಕೂ ಬೈದಳು.

ಪರದೇಶದಲ್ಲಿ ಒಬ್ಬ ವರ್ತಕ ಅವರಿಗೆ ತನ್ನ ಹಿತ್ತಲ ಕೋಣೆ ಕೊಟ್ಟ, ಅನ್ನ ಹಾಕಿದ. ಸಸ್ಯಶಾಸ್ತ್ರಿ ಆ ದೇಶದ ಬೆಟ್ಟಗಳ ಹಾವಸೆಗಳನ್ನೆಲ್ಲ ತಂದು ತನ್ನದರ ಪಕ್ಕ ಇಟ್ಟು ನೋಡಿದ. ಕೂದಲು ನರೆಯುವ ಹೊತ್ತಿಗೆ, ತನ್ನದು ಬೇರೆಯೇ ಒಂದು ಬಗೆ ಎಂದು ಸಾಧಿಸಿದ. ಆ ಶಾಸ್ತ್ರದಲ್ಲಿ ಒಂದು ಕಟ್ಟಳೆಯಿದೆ. ಗಿಡವನ್ನು ಮೊದಲು ಗುರುತಿಸಿದವನು ಹೆಸರಿಡಬೇಕು. ಅದು ಅಚ್ಚಾಗಿ, ಪಂಡಿತರು ಒಪ್ಪಿದ ಮೇಲೆ ಯಾವ ದೊರೆಯ ಅಪ್ಪಣೆಗೂ ಅದು ಬದಲಾಗದು.

ವರ್ತಕನ ಕಿವಿಗೆ ಇದು ಬಿತ್ತು. "ಅದಕ್ಕೆ ನನ್ನ ಹೆಸರಿಡಿ. ಪುಸ್ತಕ ಅಚ್ಚು ಹಾಕಿಸುತ್ತೇನೆ. ಮನೆಯನ್ನೂ ನಿಮ್ಮ ಹೆಸರಿಗೆ ಬರೆದುಕೊಡುತ್ತೇನೆ" ಎಂದ.

"ಧಣಿ, ನಿಮ್ಮ ಅನ್ನದ ಋಣ ಸಾಯುವತನಕ ಮರೆಯುವುದಿಲ್ಲ. ಏನು ಕೆಲಸ ಹೇಳಿದರೂ ಮಾಡುತ್ತೇನೆ. ಹೆಸರು ಮಾತ್ರ ಕೇಳಬೇಡಿ. ಅದರ ಹೆಸರು ಲಸೀರ."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಒಪ್ಪಿಕೊಳ್ಳಿ ಎಂದು ಗಂಡನ ಕಾಲು ಹಿಡಿಯಲೆಂದೇ ಬಂದಿದ್ದಳು, ಪಾಪ. ಊರು ಬಿಟ್ಟ ಮೇಲೆ ಆ ಹೆಸರನ್ನು ಇನ್ನೊಬ್ಬರೆದುರು ಯಾರೂ ಗಟ್ಟಿಯಾಗಿ ಹೇಳಿದ್ದನ್ನು ಅವಳು ಕೇಳಿರಲಿಲ್ಲ. ವರ್ತಕ ಕೆರಳಿ, "ಹಾಗಾದರೆ ಜಾಗ ಖಾಲಿ ಮಾಡಿ" ಎಂದಾಗ ಗಂಟುಮೂಟೆ ಕಟ್ಟಿದವಳು ಅವಳೇ. "ನಡೆಯಿರಿ, ಬಯಲಿದೆ" ಎಂದಳು.

ಅವರು ಗುಡಿಸಲಲ್ಲಿ ಗಂಜಿ ಕುಡಿದು ಬದುಕಿದರು. ಪುಸ್ತಕ ತಡವಾಗಿ, ಕಳಪೆ ಕಾಗದದಲ್ಲಿ ಅಚ್ಚಾಯಿತು. ಪಂಡಿತರು ಒಪ್ಪಿದರು. ಕಾಲ ಕಳೆದು, ಊರು ಸುಟ್ಟ ಆ ರಾಜ್ಯದ ಪಂಡಿತರೇ ತಮ್ಮ ಸಸ್ಯಗಳ ಗ್ರಂಥ ಬರೆಯಲು ಕೂತರು. ಬಾವಿಯ ಕಲ್ಲಿನ ಮೇಲೆ ಹಾವಸೆ ಇನ್ನೂ ಇತ್ತು. ಬೇರೆ ಹೆಸರು ಬರೆದರೆ ಲೋಕ ನಗುತ್ತದೆ. ಲಸೀರ ಎಂದೇ ಬರೆದರು. ಡಂಗುರ ಹೊಡೆಸಿದವರ ಮೊಮ್ಮಕ್ಕಳು ಪಾಠಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದರು!

ಸುದ್ದಿ ಮುಟ್ಟಿದ ದಿನ ಆ ಮುದುಕ ಪೇಟೆಬೀದಿಯಲ್ಲಿ ನಡೆದದ್ದನ್ನು ನೋಡಬೇಕಿತ್ತು. ಅಂಗಿ ತೇಪೆಯದು, ನಡಿಗೆ ಮಾತ್ರ ಮದುವಣಿಗನದು. ಪಕ್ಕದಲ್ಲಿ ಮುದುಕಿ.

"ನಾನು ಹೇಳಿದ್ದೂ ಅದನ್ನೇ ಅಲ್ಲವೇ ಗುರುಗಳೇ?" ಎಂದ ಕೊಟ್ರಯ್ಯ. "ಇಲ್ಲದವನಿಗೆ ಅಷ್ಟು ಅಹಂಕಾರ ಬೇಕಿತ್ತೇ?"

ಗುರುಗಳು ಅವನ ಮುಖ ನೋಡಿ ಹೇಳಿದರು: "ಇಷ್ಟು ಹೊತ್ತು ಕತೆ ಕೇಳಿದೆಯಲ್ಲ, ಆ ಮುದುಕನ ಹೆಸರೇನು ಹೇಳು."