ಇಲ್ಲದಾಳ ಗುಡ್ಡ

ಕಲ್ಲಹಾಳಿಗೂ ಮೇದೂರಿಗೂ ನಡುವೆ ಇರುವ ಕುರುಚಲು ಗುಡ್ಡಕ್ಕೆ ಇಲ್ಲದಾಳ ಗುಡ್ಡ ಎಂದು ಹೆಸರು. ಈಗ ಅದರ ನೆತ್ತಿಯ ಮೇಲೊಂದು ಮೊಬೈಲ್ ಟವರ್ ಇದೆ. ಬುಡದಲ್ಲಿ ಕುರಿ ಮೇಯುತ್ತವೆ. ಒಂದು ಕಾಲುದಾರಿ ಈ ಊರಿನಿಂದ ಆ ಊರಿಗೆ ಗುಡ್ಡ ಹತ್ತಿ ಇಳಿಯುತ್ತದೆ. ಹೆಸರು ಬಂದ ಬಗೆಯನ್ನು ಮೇದೂರಿನವರು ನಗುತ್ತ ಹೇಳುತ್ತಾರೆ. ಅವರಿಗೇನು, ಹೇಳಬಹುದು. ನಾನು ಕಲ್ಲಹಾಳಿನ ಗೌಡರ ಮನೆಯವನು, ನನಗೆ ನಗು ಬರುವುದಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಪ್ರತಿ ಊರೂ ನಲವತ್ತು ಕಾಲಾಳುಗಳ ಪಡೆಯೊಂದನ್ನು ಸಿದ್ಧವಾಗಿಟ್ಟಿರಬೇಕಿತ್ತು ಎನ್ನುತ್ತಾರೆ. ಹತ್ತಾಳಿಗೊಂದು ಗುಂಪು, ಗುಂಪಿಗೊಂದು ಕೋವಿ, ಉಳಿದವರಿಗೆ ಈಟಿ ಕವಣೆ, ನಾಲ್ಕು ಗುಂಪಿಗೂ ಸೇರಿ ಒಬ್ಬ ನಾಯಕ. ಸಂಬಳವಿಲ್ಲ, ಆಳಿಗೊಂದು ಉಂಬಳಿ ಹೊಲ. ಯುದ್ಧವಿಲ್ಲದಾಗ ಅದನ್ನು ಉತ್ತುಕೊಂಡಿರುವುದು. ಕೇಳುವುದಕ್ಕೆ ಚೆನ್ನಾಗಿದೆ, ನಡೆಯುತ್ತಿದ್ದದ್ದೇ ಬೇರೆ. ಆಳೊಬ್ಬ ಸತ್ತರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ಸೇರಿಸುವುದು ಊರಗೌಡನ ಹೊಣೆ. ಸೇರಿಸಿದರೆ ಅವನಿಗೆ ಹೊಲ ಬಿಟ್ಟುಕೊಡಬೇಕು, ಸೇರಿಸದಿದ್ದರೆ ಆ ಹೊಲ ಗೌಡನ ನೇಗಿಲಿಗೇ. ನಮ್ಮ ಹಿರಿಯ ತಿಪ್ಪಣಗೌಡ ಹೀಗೆ ಇಪ್ಪತ್ತು ಹೊಲ ನುಂಗಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ವರ್ಷಕ್ಕೊಮ್ಮೆ ದಳವಾಯಿ ಆಳುಗಳ ಎಣಿಕೆಗೆ ಬರುತ್ತಿದ್ದ. ಬೆಳಿಗ್ಗೆ ಕಲ್ಲಹಾಳು, ಮಧ್ಯಾಹ್ನ ಮೇದೂರು. ಗೌಡ ಮೇದೂರಿನ ಇಪ್ಪತ್ತು ಆಳುಗಳನ್ನು ಹೋಳಿಗೆಯೂಟದ ಆಸೆ ತೋರಿಸಿ ಕರೆಸಿಕೊಂಡು, ನಮ್ಮೂರ ಕೆಂಪು ರುಮಾಲು ಸುತ್ತಿಸಿ ಸಾಲಿನಲ್ಲಿ ನಿಲ್ಲಿಸುತ್ತಿದ್ದ. ದಳವಾಯಿಯ ಕುದುರೆ ಬಳಸುದಾರಿ ಹಿಡಿಯುತ್ತಲೇ ಅವರು ಗುಡ್ಡ ಹತ್ತಿ, ನೆತ್ತಿಯಲ್ಲಿ ರುಮಾಲು ಬದಲಿಸಿ, ಆಚೆ ಇಳಿದು ತಮ್ಮೂರ ಸಾಲಿನಲ್ಲಿ ಏದುಸಿರು ಬಿಡುತ್ತ ನಿಂತಿರುತ್ತಿದ್ದರು. ಹನ್ನೊಂದು ವರ್ಷ ಇದು ನಡೆಯಿತಂತೆ.

ಹನ್ನೆರಡನೆಯ ವರ್ಷ ವೈರಿಯ ದಂಡು ಬಂತು. ದಳವಾಯಿ ಮೇದೂರಿನ ಪಡೆಯನ್ನು ಬಡಗಣ ಕಣಿವೆಗೂ ನಮ್ಮದನ್ನು ತೆಂಕಣ ಕಣಿವೆಗೂ ನೇಮಿಸಿದ. “ನಲವತ್ತಾಳು ಸಾಲ್ದಿದ್ರೆ ಈಗ್ಲೇ ಹೇಳಿ ಗೌಡ್ರೆ, ಕೋಟೆಯಿಂದ ಕೊಡ್ತೀನಿ,” ಎಂದು ಕೇಳಿದ. ನಮ್ಮ ಪಡೆಯ ನಾಯಕ ಬೋರಯ್ಯ ಪಕ್ಕದಲ್ಲೇ ನಿಂತು ಗೌಡನ ಮುಖ ನೋಡುತ್ತಿದ್ದ. ಗೌಡನ ಉಪ್ಪು ತಿಂದವನು, ತಾನಾಗಿ ಬಾಯಿಬಿಡುವವನಲ್ಲ. ಗೌಡನಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು. ಆ ಮಾತಿನ ಜೊತೆಗೆ ಇಪ್ಪತ್ತು ಹೊಲವೂ ಹೋಗುತ್ತಿತ್ತು.

“ಸಾಕು ದೊರೆ,” ಎಂದ ಗೌಡ.

ಬೋರಯ್ಯನೂ ಸೇರಿ ಇಪ್ಪತ್ತು ಜನ, ಎರಡು ಕೋವಿ. ಹೊತ್ತು ನೆತ್ತಿಗೇರುವ ತನಕ ಕಣಿವೆ ಬಿಟ್ಟುಕೊಡಲಿಲ್ಲ. ಕೋಟೆಯ ದಂಡು ಬಂದು ವೈರಿಯನ್ನು ಅಟ್ಟುವ ಹೊತ್ತಿಗೆ ಅವರಲ್ಲಿ ಒಬ್ಬನೂ ಉಳಿದಿರಲಿಲ್ಲ. ದಳವಾಯಿ ಹೆಣಗಳನ್ನು ನೋಡಿ, ಉಳಿದ ಇಪ್ಪತ್ತು ಜನ ಎಲ್ಲಿ ಎಂದು ಕೇಳಿದ. ನಮ್ಮ ಹಿರಿಯ ಕೊಟ್ಟ ಉತ್ತರವನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಓಡಿಹೋದರು ಎಂದ. ಅರ್ಧ ಪಡೆ ಓಡಿದ ಊರಿಗೆ ವೀರಗಲ್ಲು ಸಲ್ಲದು ಎಂದು ದಳವಾಯಿ ಅಲ್ಲೇ ತೀರ್ಪು ಕೊಟ್ಟ. ಸತ್ತವರ ಮೇಲೆ ಹೇಡಿಗಳ ಪಡೆಯವರೆಂಬ ಮಸಿ ಬಿತ್ತು.

ಆಗ ಬೋರಯ್ಯನ ಹೆಂಡತಿ ಗಾದ್ರಮ್ಮ ಗಂಡನ ತಲೆಯನ್ನು ತೊಡೆಯಿಂದ ಇಳಿಸಿ ಎದ್ದು ಬಂದಳಂತೆ. “ಇಪ್ಪತ್ತು ಜನ ಓಡೋದ್ರು ಅಂದ್ಯಲ್ಲ ಗೌಡ, ಅವರ ಹೆಸ್ರು ಹೇಳು. ಅವರ ಹೆಂಡ್ರನ್ನ ನಾ ಹೋಗಿ ಕೇಳ್ತೀನಿ.”

ಗೌಡನಿಗೆ ಒಂದು ಹೆಸರೂ ಹೊರಡಲಿಲ್ಲ. ಆ ಇಪ್ಪತ್ತು ಜನ ಇರಲೇ ಇಲ್ಲವೆಂದು ದಳವಾಯಿಗೇ ಅರ್ಥವಾಯಿತು. ಹೊಲಗಳು ಹೋದವು, ಸತ್ತ ಇಪ್ಪತ್ತು ಮಂದಿಗೂ ಕಣಿವೆಯಲ್ಲಿ ವೀರಗಲ್ಲು ನಿಂತವು. ಗಾದ್ರಮ್ಮನಿಗೆ ಅಷ್ಟು ಸಾಲಲಿಲ್ಲ. “ನೀ ಸುಳ್ಳು ಲೆಕ್ಕ ಕೊಟ್ಟೋರಿಗೂ ಕಲ್ಲು ನಿಲ್ಸು. ಯಾರಾದ್ರೂ ಕೇಳಿದ್ರೆ ನಿನ್ ಮನೆಯೋರೇ ಹೇಳ್ಬೇಕು,” ಎಂದಳು. ತಿಪ್ಪಣಗೌಡ ಇಪ್ಪತ್ತು ಕಲ್ಲುಗಳನ್ನು ಬೆನ್ನ ಮೇಲೆ ಹೊತ್ತು, ರುಮಾಲು ಬದಲಿಸುತ್ತಿದ್ದ ಜಾಗದಲ್ಲಿ ನೆಟ್ಟ. ಅಂದಿನಿಂದ ಅದು ಇಲ್ಲದಾಳ ಗುಡ್ಡ.

ಆ ಕಲ್ಲುಗಳು ಇಂದಿಗೂ ಇವೆ. ಮುಖವಿಲ್ಲ, ಕತ್ತಿಯಿಲ್ಲ, ಒಂದು ಗೆರೆಯನ್ನೂ ಕೊರೆದಿಲ್ಲ. ಗುಡ್ಡ ಹತ್ತಿ ಬಂದವರು ವೀರರೆಂದು ತಿಳಿದು ಹೂವಿಟ್ಟು ಕೈಮುಗಿಯುತ್ತಾರೆ. ಇವರು ಯಾರು ಎಂದು ಕೇಳಿದರೆ ಕುರಿ ಕಾಯುವವರು ನನ್ನ ಮನೆ ತೋರಿಸುತ್ತಾರೆ. ಯಾರೂ ಅಲ್ಲ ಎನ್ನುತ್ತೇನೆ. ಮತ್ತೆ ಕಲ್ಲು ಯಾಕೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಇನ್ನೂ ಬಾಯಿಗೆ ರೂಢಿಯಾಗಿಲ್ಲ.