ಮಠದ ಸರದಿ

ಹೊಳೆದಂಡೆಯ ಮಠದ ಹಿಂದೆ ಒಂದು ಕಾಡು. ಊರವರೂ ಅರಣ್ಯ ಇಲಾಖೆಯವರೂ ಕೂಡಿ ಅದನ್ನು ಕಾಯುತ್ತಿದ್ದರು. ಊರ ಕಡೆಯಿಂದ ದಿನಕ್ಕೊಂದು ಮನೆಯವರು ಕಾವಲಿಗೆ ಹೋಗಬೇಕು, ಇಲಾಖೆ ಕಡೆಯಿಂದ ಗಾರ್ಡ್ ಭರಮಣ್ಣ ಸುತ್ತಬೇಕು. ಮಠಕ್ಕೂ ಸರದಿ ಇತ್ತು. ಅದು ಯಾವತ್ತೂ ತಪ್ಪಿದ್ದಿಲ್ಲ.

ಅವತ್ತು ಮಠದಿಂದ ಹೋದವನು ಶಿಷ್ಯ ಚೆನ್ನವೀರ. ಹೋದವನೇ ಒಂದು ನೆರಳು ನೋಡಿ ಜಪಕ್ಕೆ ಕೂತ.

ಸ್ವಲ್ಪ ಹೊತ್ತಿಗೆ ಕೊಡಲಿ ಸದ್ದು ಕಿವಿಗೆ ಬಿತ್ತು. 'ಸಂಬಳ ತಗೊಳ್ಳೋ ಗಾರ್ಡ್ ಇದ್ದಾನಲ್ಲ, ಅವನೇ ನೋಡ್ಕೊಳ್ಳಲಿ' ಅಂದುಕೊಂಡು ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿದ. ಎಂಥ ಭಕ್ತಿಯೋ ಮಹರಾಯಂದು!

ಸಂಜೆ ಎದ್ದು ನೋಡಿದರೆ, ಊರವರು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದ ಹೊನ್ನೆ ಮರ ಇಲ್ಲ. ಬುಡವಷ್ಟೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಮಠದ ಅಂಗಳದಲ್ಲೇ ಸಭೆ ಸೇರಿತು. ಇಲಾಖೆಯ ಸಾಹೇಬರೂ ಬಂದರು.

"ಏನಪ್ಪಾ, ನಿನ್ನ ಸರದಿ ಇತ್ತಲ್ಲ, ಏನಾದರೂ ಕೇಳಿಸಿತಾ?" ಎಂದರು.

"ಇಲ್ರೀ," ಎಂದುಬಿಟ್ಟ ಚೆನ್ನವೀರ.

ಎಲ್ಲರೂ ನಂಬಿದರು. ಮಠದವನು ಸುಳ್ಳು ಹೇಳುತ್ತಾನೆಯೇ?

ಸಾಹೇಬರು ಗಾರ್ಡಿನ ಮೇಲೆ ಹರಿಹಾಯ್ದರು. "ನೀನೆಲ್ಲಿ ಹಾಳಾಗಿ ಹೋಗಿದ್ದೆಯೋ?"

ಭರಮಣ್ಣ ತಲೆ ತಗ್ಗಿಸಿದ. "ಗುಡ್ಡದ ಆ ಕಡೆ ಇದ್ನಿರೀ. ಮಠದ ಸರದಿ ಐತಿ, ಈ ಕಡೆ ಚಿಂತಿಲ್ಲ ಅಂದ್ಕೊಂಡೆ. ತಪ್ಪು ನಂದರೀ."

"ನಿನ್ನ ಸಸ್ಪೆಂಡ್ ಮಾಡ್ತೀನಿ," ಎಂದರು ಸಾಹೇಬರು.

ಚೆನ್ನವೀರನಿಗೆ ನೆಲ ಬಾಯಿಬಿಟ್ಟರೆ ಇಳಿದುಬಿಡಬೇಕು ಅನ್ನಿಸಿತು. ಆದರೂ ತಾನು ಬಾಯಿಬಿಡಲಿಲ್ಲ. ಮೆಲ್ಲಗೆ ಎದ್ದು, ಒಳಗೆ ಕೂತಿದ್ದ ಗುರುಗಳ ಕಾಲಿಗೆ ಬಿದ್ದ.

"ಅಜ್ಜಾರ, ಕೊಡಲಿ ಸಪ್ಪಳ ನನಗ ಕೇಳಿಸಿತ್ರಿ. ಕೇಳಿಸಿದ್ರೂ ಏಳಲಿಲ್ಲ. ಈಗ ಎಲ್ಲಾರ ಮುಂದ ಸುಳ್ಳೂ ಹೇಳಿ ಬಂದೆ. ಭಾಳ ನಾಚಿಕಿ ಆಗೇತಿ."

ಗುರುಗಳು ಕಾಲು ಹಿಂದಕ್ಕೆಳೆದುಕೊಂಡರು.

"ಏನಾರ ಪ್ರಾಯಶ್ಚಿತ್ತ ಹೇಳ್ರಿ. ಉಪವಾಸ ಇರ್ತೀನಿ. ಹಗಲೂ ರಾತ್ರಿ ಜಪಕ್ಕ ಕೂಡ್ತೀನಿ."

"ಬ್ಯಾಡೋ ಮಾರಾಯ. ಒಂದು ಹಗಲು ಕೂತಿದ್ದೇ ಸಾಕಾಗೇತಿ."

ಚೆನ್ನವೀರನಿಗೆ ಅಳು ಒತ್ತರಿಸಿ ಬಂತು. "ಹಂಗಾರ ನೀವಾದ್ರೂ ಕ್ಷಮಿಸಿಬಿಡ್ರಿ, ಅಜ್ಜಾರ."

ಗುರುಗಳು ಬಾಗಿಲಾಚೆ ನೋಡಿದರು. ಭರಮಣ್ಣ ಖಾಕಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಇನ್ನೂ ನಿಂತೇ ಇದ್ದ.

"ನನ್ನ ಯಾಕ ಕೇಳ್ತಿ, ತಮ್ಮಾ? ಸಭಾ ಇನ್ನೂ ಮುಗದಿಲ್ಲ. ಓಡು."